ತೆರೆದ ಕಾರಿನಲ್ಲಿ ಆಲ್ಪ್ಸ್ ದಾಟಿ

ಯೂರೋಪಿನಲ್ಲಿ ಪ್ರವಾಸ ಮಾಡುವವರಿಗೆ ಇಂದು ಅನುಕೂಲಗಳ ಕೊರತೆಯಿಲ್ಲ. ಲಂಡನ್ನಿನಲ್ಲಿ ವಿಮಾನವೇರಿದವರು ಸುಮಾರು ಎರಡು ಗಂಟೆಯಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಇಳಿಯಬಹುದು. ರೈಲನ್ನು ನೆಚ್ಚಿದವರನ್ನು ಸುರಂಗಗಳು ಇಂಗ್ಲಿಷ್ ಕಡಲ್ಗಾಲುವೆಯ ಅಡಿಯಿಂದಲೂ ಆಲ್ಪ್ಸ್ ಪರ್ವತದ ಬುಡದಿಂದಲೂ ಸದ್ದಿಲ್ಲದೆ ದಾಟಿಸಿಬಿಡುತ್ತವೆ. ಇಷ್ಟೆಲ್ಲ ಸೌಕರ್ಯವಿರುವಾಗ, ಅರವತ್ತು ವರ್ಷಗಳಷ್ಟು ಹಳೆಯದಾದ, ಇಬ್ಬರಿಗೆ ಮಾತ್ರ ಸ್ಥಳವಿರುವ, ಮಳೆ ಬಂದರೆ ಇಳಿದು ಬಟ್ಟೆಯ ಮಾಡನ್ನು ಎಳೆದುಕೊಳ್ಳಬೇಕಾದ ಒಂದು ಕಾರಿನಲ್ಲಿ ಇಂಗ್ಲೆಂಡಿನಿಂದ ಇಟಲಿಗೆ ಹೊರಡುವುದು ವಿವೇಕವೇ ಎಂದು ಯಾರಾದರೂ ಕೇಳಿದರೆ ಹೌದೆನ್ನುವುದು ಕಷ್ಟ. ಆದರೆ ಅದರಲ್ಲಿ ಒಂದು ಲಾಭವುಂಟು. ಆ ಲಾಭವೇನೆಂಬುದನ್ನು ಓದುಗರ ಮುಂದಿಡುವುದಕ್ಕಾಗಿಯೇ ಈ ಬರಹ.

ಅಂಬಾಸಡರಿನ ದಾಯಾದಿ

ಕಾರು ನನ್ನದಲ್ಲ, ಆಕ್ಸ್‌ಫರ್ಡಿನ ಸಮೀಪದಲ್ಲಿ ಬಹುಕಾಲದಿಂದ ನೆಲೆಸಿರುವ ನನ್ನ ಭಾವನವರದು. ಎಂಜಿನಿಯರಾಗಿದ್ದು ಈಗ ನಿವೃತ್ತರಾಗಿರುವ ಅವರು ತಮ್ಮ ಬಿಡುವಿನ ಬಹುಭಾಗವನ್ನು ಈ ಕಾರಿನ ಕೆಳಗೆ ಮಲಗಿಯೇ ಕಳೆದಿದ್ದಾರೆಂದು ಅಕ್ಕ ಆಗಾಗ ಹೇಳುವುದುಂಟು. ಅದು 1965ರಲ್ಲಿ ತಯಾರಾದ ಎಂ.ಜಿ.ಬಿ. ಎಂಬ ಕಾರು. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ಸೈಕಲ್ ದುರಸ್ತಿಯಿಂದ ಜೀವನವನ್ನಾರಂಭಿಸಿ ದೊಡ್ಡ ಕಾರು ತಯಾರಕನಾಗಿ ಬೆಳೆದ ವಿಲಿಯಂ ಮಾರಿಸ್ ಎಂಬಾತನ ಮಳಿಗೆಯ ಹೆಸರು ಅದು. ಅಲ್ಲಿಯ ವ್ಯವಸ್ಥಾಪಕನಾದ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾಧಾರಣವಾದ ಮಾರಿಸ್ ಕಾರುಗಳಿಗೆ ಹಗುರವೂ ಚೆಲುವೂ ಆದ ಮೈಕಟ್ಟನ್ನು ತೊಡಿಸಿ ಮಾರಲಾರಂಭಿಸಿದನು. ವೇಗದ ಚಪಲವಿದ್ದು ಹಣದ ಬಲವಿಲ್ಲದ ಮಧ್ಯಮ ವರ್ಗದ ತರುಣರಿಗೆ ಅವು ಬಲು ಮೆಚ್ಚುಗೆಯಾದವು. 1962ರಿಂದ 1980ರ ವರೆಗೆ ಆಬಿಂಗ್‌ಡನ್ ಎಂಬ ಪುಟ್ಟ ಊರಿನ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಎಂ.ಜಿ.ಬಿ.ಗಳು ಹೊರಬಿದ್ದವು. 1980ರಲ್ಲಿ ಆ ಕಾರ್ಖಾನೆ ಮುಚ್ಚಿತು.

ನಮ್ಮ ನಾಡಿನವರಿಗೆ ಈ ಕಾರು ತೀರ ಅಪರಿಚಿತವೆನ್ನುವಂತಿಲ್ಲ. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯೇ ಭಾರತಕ್ಕೆ ಬಂದು ಹಿಂದೂಸ್ತಾನ್ ಅಂಬಾಸಡರ್ ಎಂಬ ಹೆಸರು ಪಡೆದು, 2014ರ ವರೆಗೂ ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದಿತು. ಅಂಬಾಸಡರಿನ ಹೊಟ್ಟೆಯಲ್ಲಿ ಬಹುಕಾಲ ಗುಡುಗಿದ 1,489 ಸಿ.ಸಿ. ಎಂಜಿನ್ನೂ ಎಂ.ಜಿ.ಬಿ.ಯ 1,798 ಸಿ.ಸಿ. ಎಂಜಿನ್ನೂ ಒಂದೇ ಮನೆತನದವು. ‘ಬಿ ಸೀರೀಸ್’ ಎಂಬುದು ಆ ಮನೆತನದ ಹೆಸರು. ಭಾವನವರು ಮುಂದಿನ ಮುಚ್ಚಳವನ್ನು ಎತ್ತಿ ತೋರಿಸಿದಾಗ, ಮೈಸೂರಿನಲ್ಲಿ ಅಂಬಾಸಡರ್ ಓಡಿಸುವುದನ್ನು ಕಲಿತ ನನಗೆ ದೂರದ ಊರಿನಲ್ಲಿ ದಾಯಾದಿಯೊಬ್ಬನನ್ನು ಕಂಡಂತಾಯಿತು. ವ್ಯತ್ಯಾಸವಿಷ್ಟೆ: ಅಂಬಾಸಡರಿನಲ್ಲಿ ಇಡೀ ಸಂಸಾರ, ಅದರ ಹಾಸಿಗೆ, ಅದರ ಉಪ್ಪಿನಕಾಯಿಯ ಭರಣಿ ಎಲ್ಲವೂ ಹಿಡಿಸುತ್ತಿದ್ದುವು, ಇದರಲ್ಲಿ ಇಬ್ಬರು ಮನುಷ್ಯರು ಮತ್ತು ಎರಡು ಮೆತ್ತನೆಯ ಚೀಲ.

ಆದ್ದರಿಂದ ಅಕ್ಕ ನಮ್ಮೊಡನೆ ಬರುವಂತಿರಲಿಲ್ಲ. “ನೀವಿಬ್ಬರೂ ಗಾಳಿಗೆ ತಲೆಯೊಡ್ಡಿಕೊಂಡು ಬನ್ನಿ. ನಾನು ರೈಲಿನಲ್ಲಿ ಹೋಗಿ ಕೋಮೋದಲ್ಲಿ ಅಡಿಗೆ ಮಾಡಿಟ್ಟಿರುತ್ತೇನೆ” ಎಂದು ಆಕೆ ತೀರ್ಮಾನ ಕೊಟ್ಟಳು. ಆಬಿಂಗ್‌ಡನ್ನಿನಿಂದ ಕೋಮೋ ಸರೋವರಕ್ಕೆ ನಮ್ಮ ದಾರಿ ಸುಮಾರು 1,200 ಕಿಲೋಮೀಟರು. ಅದಕ್ಕೆ ಐದು ದಿನಗಳನ್ನು ಗೊತ್ತುಮಾಡಿಕೊಂಡು ಜುಲೈ ತಿಂಗಳ ಒಂದು ಮುಂಜಾನೆ ಹೊರಟೆವು.

ಎಡಗಡೆಯ ಕಣ್ಣು

ಡೋವರಿನಿಂದ ಫ್ರಾನ್ಸಿನ ಕ್ಯಾಲೆಗೆ ಹಡಗಿನಲ್ಲಿ ಒಂದೂವರೆ ಗಂಟೆಯ ಪಯಣ. 1994ರಲ್ಲಿ ತೆರೆದ ಸುರಂಗದಲ್ಲಿ ಕಾರನ್ನು ರೈಲಿನ ಮೇಲೇರಿಸಿ ಮೂವತ್ತೈದೇ ನಿಮಿಷದಲ್ಲಿ ದಾಟಬಹುದು. ಆದರೆ ಭಾವನವರು ಈ ಪ್ರವಾಸಕ್ಕೆ ಒಂದು ನಿಯಮವನ್ನು ಹಾಕಿಕೊಂಡಿದ್ದರು: ಮೇಲೆ ದಾರಿಯಿರುವಾಗ ಕೆಳಗೆ ಇಳಿಯಬಾರದು. ಹಡಗಿನ ಹಿಂಭಾಗದಲ್ಲಿ ನಿಂತು, ಡೋವರಿನ ಸುಣ್ಣದ ಬಂಡೆಗಳು ಬೆಳ್ಳಗೆ ಬಹಳ ಹೊತ್ತು ಕಾಣುತ್ತಿದ್ದು ನಿಧಾನವಾಗಿ ಮಂಜಿನಲ್ಲಿ ಕರಗುವುದನ್ನು ನೋಡಿದೆವು.

ಹಡಗಿನಿಂದ ಇಳಿದೊಡನೆಯೆ ಒಂದು ಹೊಸ ಸಮಸ್ಯೆ. ಇಂಗ್ಲೆಂಡಿನ ಕಾರಿಗೆ ನಮ್ಮಲ್ಲಿಯಂತೆಯೇ ಬಲಗಡೆ ಸ್ಟಿಯರಿಂಗು. ಫ್ರಾನ್ಸಿನಲ್ಲಿ ವಾಹನಗಳು ಚಲಿಸುವುದು ರಸ್ತೆಯ ಬಲಬದಿಯಲ್ಲಿ. ಕಾರು ಓಡಿಸುವವನು ರಸ್ತೆಯ ಅಂಚಿನ ಕಡೆಗೆ ಕುಳಿತಿರುತ್ತಾನೆ. ಮುಂದೆ ಒಂದು ಲಾರಿ ಅಡ್ಡವಾಯಿತೆಂದರೆ ಅದರಾಚೆ ಏನಿದೆಯೆಂಬುದು ಅವನಿಗೆ ಕಾಣುವುದೇ ಇಲ್ಲ. ಎಡಗಡೆ ಕುಳಿತವನಿಗೆ ಮಾತ್ರ ಕಾಣುತ್ತದೆ. ಹಾಗಾಗಿ ಪ್ರಯಾಣಿಕನಾಗಿ ಬಂದ ನಾನು ಸಾರಥಿಯ ಕಣ್ಣಾಗಬೇಕಾಯಿತು. ಸುಂಕದ ಕಟ್ಟೆಗಳಲ್ಲಿ ಹಣ ತೆರುವ ಕಿಟಕಿಯೂ ನನ್ನ ಕಡೆಗೇ ಇರುತ್ತಿದ್ದುದರಿಂದ ಖಜಾಂಚಿಯ ಪದವಿಯೂ ನನಗೇ ಬಂತು.

ಮೂರನೆಯ ದಿನ, ಪೂರ್ವ ಫ್ರಾನ್ಸಿನ ಏರಿಳಿತದ ಹೊಲಗಳ ನಡುವೆ, ಹುಲ್ಲಿನ ಪಿಂಡಿಗಳನ್ನು ಹೇರಿಕೊಂಡ ಟ್ರ್ಯಾಕ್ಟರೊಂದರ ಹಿಂದೆ ಬಹಳ ಹೊತ್ತು ತೆವಳುತ್ತಿದ್ದೆವು.

“ಏನಯ್ಯ, ಎದುರಿಗೆ ಏನಾದರೂ ಬರುತ್ತಿದೆಯೆ?” ಎಂದರು ಭಾವ.

ರಸ್ತೆ ನೇರವಾಗಿ ಖಾಲಿಯಾಗಿದ್ದಿತು. ಆದರೆ ಮುಂದೆ ಕೊಂಚ ದೂರದಲ್ಲಿ ಅದು ಒಂದು ತಗ್ಗಿಗೆ ಇಳಿದು ಮತ್ತೆ ಮೇಲೇರುತ್ತಿದ್ದಿತು. ಆ ತಗ್ಗಿನೊಳಗೆ ಏನಿದೆಯೋ ಕಾಣುತ್ತಿರಲಿಲ್ಲ. “ಬೇಡಿ ಭಾವ, ತಡೆಯಿರಿ” ಎಂದೆ. ಅವರು ಮರುಮಾತಿಲ್ಲದೆ ಕಾಲನ್ನು ಹಿಂತೆಗೆದರು. ಮರುಕ್ಷಣದಲ್ಲೇ ಆ ತಗ್ಗಿನಿಂದ ಬಿಳಿಯ ವ್ಯಾನೊಂದು ಎದ್ದು ಬಂದು ನಮ್ಮನ್ನು ಸವರಿಕೊಂಡಂತೆ ಹಾದುಹೋಯಿತು. ಭಾವನವರು ಏನನ್ನೂ ಹೇಳಲಿಲ್ಲ. ಬಹಳ ದೂರ ಹೋದ ಮೇಲೆ, “ಹೊಸ ಕಾರುಗಳಲ್ಲಿ ಈ ಕೆಲಸಕ್ಕೆ ಯಂತ್ರಗಳಿವೆ. ಆದರೆ ಯಂತ್ರಕ್ಕೆ ಧನ್ಯವಾದ ಹೇಳುವುದಕ್ಕಾಗುವುದಿಲ್ಲ” ಎಂದು ನಕ್ಕರು. ಎಷ್ಟೋ ವರ್ಷಗಳಿಂದ ಅವರನ್ನು ಬಲ್ಲೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಪ್ರಾಣ ನಿಂತಿರುವ ಸಂದರ್ಭ ಅದುವರೆಗೆ ನಮಗೆ ಒದಗಿರಲಿಲ್ಲ.

ಎರಡು ಕಲ್ಲಿನ ಹುಲಿಗಳು

ಕ್ಯಾಲೆಯಿಂದ ಹೊರಟ ದಿನವೇ ನಾವು ನೋಡಬೇಕೆಂದುಕೊಂಡಿದ್ದ ಮೊದಲ ಸ್ಥಳಕ್ಕೆ ಹೋದೆವು. ಪ್ರವಾಸಿಗಳ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಉತ್ತರ ಫ್ರಾನ್ಸಿನ ಮಟ್ಟಸವಾದ ಹೊಲಗಳ ನಡುವೆ ನವ್ ಶಾಪೆಲ್ ಎಂಬ ಹಳ್ಳಿಯಿದೆ. 1915ರ ಮಾರ್ಚ್ 10ರಿಂದ 13ರ ವರೆಗೆ ಇಲ್ಲಿ ನಡೆದ ಕದನದಲ್ಲಿ ಬ್ರಿಟಿಷರ ಪಕ್ಕದಲ್ಲಿ ಭಾರತದ ಸಿಪಾಯಿಗಳು ದೊಡ್ಡ ಸಂಖ್ಯೆಯಲ್ಲಿ ಹೋರಾಡಿ ಮಡಿದರು. ಹಳ್ಳಿಯ ಹೊರಗಿನ ನಾಲ್ಕು ದಾರಿ ಕೂಡುವಲ್ಲಿ ಅವರ ಸ್ಮಾರಕವನ್ನು 1927ರಲ್ಲಿ ಕಟ್ಟಿದ್ದಾರೆ. ಹೊಸದಿಲ್ಲಿಯ ಸಚಿವಾಲಯದ ಕಟ್ಟಡಗಳನ್ನು ರೂಪಿಸಿದ ಹರ್ಬರ್ಟ್ ಬೇಕರನೇ ಇದರ ಶಿಲ್ಪಿ.

ದುಂಡಾದ ಬಿಳಿಯ ಗೋಡೆ, ಅದರ ಒಂದು ಭಾಗದಲ್ಲಿ ನಮ್ಮ ಕಡೆಯ ಜಾಲಂಧ್ರಗಳ ಹಾಗೆ ಕೊರೆದ ಕಲ್ಲು. ನಡುವೆ ಹದಿನೈದು ಮೀಟರಿನಷ್ಟು ಎತ್ತರದ ಕಂಬ, ಅದರ ತಲೆಯ ಮೇಲೆ ಕಮಲ. ಕಂಬದ ಎರಡು ಪಕ್ಕಗಳಲ್ಲಿ ಕಾವಲಿಗೆ ಕುಳಿತ ಎರಡು ಹುಲಿಗಳು. ಗೋಡೆಯ ಮೇಲೆ, ಸಮಾಧಿಯೆಲ್ಲಿದೆಯೆಂದು ತಿಳಿಯದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು. ಅವರಲ್ಲೊಬ್ಬ ಗಢವಾಲ್ ರೈಫಲ್ಸ್ ಪಡೆಯ ಗಬ್ಬರ್ ಸಿಂಗ್ ನೇಗಿ. ಕದನದ ಮೊದಲ ದಿನವೇ ಸತ್ತ ಆತನಿಗೆ ಮರಣಾನಂತರ ವಿಕ್ಟೋರಿಯಾ ಕ್ರಾಸ್ ಪದಕ ದೊರಕಿತು. ಉಳಿದವರಿಗೆ ಈ ಗೋಡೆಯ ಮೇಲಿನ ಒಂದು ಸಾಲು.

ನಾವು ಹೋದಾಗ ಅಲ್ಲಿ ಬೇರಾರೂ ಇರಲಿಲ್ಲ. ಹುಲ್ಲನ್ನು ಸಮನಾಗಿ ಕತ್ತರಿಸಿದ್ದರು. ಆಚೆಯ ಹೊಲದಲ್ಲಿ ಗೋಧಿ ಹಣ್ಣಾಗಿದ್ದಿತು. ಹಿಮಾಲಯದ ತಪ್ಪಲಿನಿಂದಲೂ ಪಂಜಾಬದ ಬಯಲಿನಿಂದಲೂ ಬಂದವರು ಯಾವ ದೇಶದ ಜಗಳಕ್ಕಾಗಿ ಯಾವ ಮಣ್ಣಿನಲ್ಲಿ ಬಿದ್ದರೆಂಬುದನ್ನು ನೆನೆದು ನಾವು ಬಹಳ ಹೊತ್ತು ಮಾತಾಡಲಿಲ್ಲ. ದೊಡ್ಡ ಹೆದ್ದಾರಿಯಲ್ಲಿ ಹೋಗಿದ್ದರೆ ಕ್ಯಾಲೆಯಿಂದ ರೀಮ್ಸ್ ನಗರಕ್ಕೆ ಮೂರು ಗಂಟೆ ಸಾಕಾಗುತ್ತಿತ್ತು. ಈ ಗೋಡೆ ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ.

ಜಗಳ ನಿಂತ ಊರು, ಪಂದ್ಯ ನಿಂತ ರಸ್ತೆ

ಫ್ರಾನ್ಸಿನ ಅರಸರಿಗೆ ಪಟ್ಟ ಕಟ್ಟುತ್ತಿದ್ದ ಮಹಾದೇವಾಲಯವಿರುವ ಊರು ರೀಮ್ಸ್. 1914ರ ಸೆಪ್ಟೆಂಬರಿನಲ್ಲಿ ಜರ್ಮನರ ಗುಂಡುಗಳಿಗೆ ಸಿಕ್ಕಿ ಅದರ ಚಾವಣಿ ಹೊತ್ತಿ ಉರಿಯಿತು. ದುರಸ್ತಿ ಮುಗಿದು ಅದು ಮತ್ತೆ ತೆರೆದದ್ದು 1938ರಲ್ಲಿ. ಮರುವರ್ಷವೇ ಇನ್ನೊಂದು ಯುದ್ಧ. ಆ ಯುದ್ಧದಲ್ಲಿ ಜರ್ಮನ್ ಸೈನ್ಯದ ಶರಣಾಗತಿಗೆ ಸಹಿ ಬಿದ್ದದ್ದೂ 1945ರ ಮೇ 7ರಂದು ಇದೇ ಊರಿನಲ್ಲಿ. ಕೊನೆಗೆ 1962ರ ಜುಲೈ 8ರಂದು ಫ್ರಾನ್ಸಿನ ದ ಗಾಲ್ ಮತ್ತು ಜರ್ಮನಿಯ ಆಡೆನಾವರ್ ಇಬ್ಬರೂ ಈ ದೇವಾಲಯದಲ್ಲಿ ಜೊತೆಯಾಗಿ ಪ್ರಾರ್ಥನೆಗೆ ನಿಂತರು. ಎಂ.ಜಿ.ಬಿ. ಕಾರು ಮಾರುಕಟ್ಟೆಗೆ ಬಂದದ್ದು ಅದೇ ವರ್ಷ. ಕಾರುಗಳು ಒಂದು ದೇಶದಿಂದ ಇನ್ನೊಂದಕ್ಕೆ ವಿನೋದಕ್ಕಾಗಿ ಹೋಗಿಬರುವ ಕಾಲ ಸುಮ್ಮನೆ ಬಂದುದಲ್ಲವೆಂಬುದು ಆ ಬಾಗಿಲ ಮುಂದೆ ನಿಂತಾಗ ಅರಿವಾಗುತ್ತದೆ.

ಊರಿನ ಹೊರಗೆ, ಗ್ಯೋ ಎಂಬ ಹಳ್ಳಿಯ ಬಳಿ, ಸಾಮಾನ್ಯ ರಸ್ತೆಯ ಎರಡು ಬದಿಗಳಲ್ಲಿ ಪ್ರೇಕ್ಷಕರ ಅಟ್ಟಣೆಗಳೂ ಕಾರು ದುರಸ್ತಿಯ ಕಟ್ಟೆಗಳೂ ನಿಂತಿವೆ. ಒಂದು ಕಾಲದಲ್ಲಿ ಫ್ರೆಂಚ್ ಗ್ರಾಂಪ್ರೀ ನಡೆಯುತ್ತಿದ್ದ ರಸ್ತೆ ಅದು. 1953ರಲ್ಲಿ ಮೈಕ್ ಹಾಥಾರ್ನ್ ಎಂಬ ಇಂಗ್ಲಿಷ್ ತರುಣ ಮಹಾಪಟುವಾದ ಫಾಂಜಿಯೋನನ್ನು ಒಂದೇ ಸೆಕೆಂಡಿನ ಅಂತರದಲ್ಲಿ ಸೋಲಿಸಿದ್ದು ಇಲ್ಲಿಯೇ. ಆ ಹಿರಿಯ ಪಂದ್ಯ ಇಲ್ಲಿ ಕೊನೆಯ ಬಾರಿ ನಡೆದದ್ದು 1966ರಲ್ಲಿ. ಗೋಡೆಗಳ ಮೇಲಿನ ಹಳೆಯ ಜಾಹೀರಾತುಗಳಿಗೆ ಅಭಿಮಾನಿಗಳು ಮತ್ತೆ ಬಣ್ಣ ಬಳಿದು ಕಾಪಾಡಿದ್ದಾರೆ. ಭಾವನವರು ಅಟ್ಟಣೆಯ ಮುಂದೆ ಕಾರು ನಿಲ್ಲಿಸಿ, ಖಾಲಿ ಮೆಟ್ಟಿಲುಗಳಿಗೆ ಗಂಭೀರವಾಗಿ ಕೈಬೀಸಿ, ಅನಂತರ ನಿಯಮದಂತೆ ಗಂಟೆಗೆ ಎಂಬತ್ತು ಕಿಲೋಮೀಟರಿನ ಒಳಗೇ ಮುಂದುವರಿದರು.

ಅಲ್ಲಿಂದ ಮುಂದಿನ ಎರಡು ದಿನದ ದಾರಿಯನ್ನು ಕೆಲವೇ ಮಾತಿನಲ್ಲಿ ಹೇಳಬಹುದು. ಕೋಟೆಯ ಗೋಡೆಯನ್ನು ಇಂದಿಗೂ ಉಡಿದಾರದಂತೆ ಸುತ್ತಿಕೊಂಡಿರುವ, ದಿದರೋ ಎಂಬ ತತ್ತ್ವಜ್ಞಾನಿ ಹುಟ್ಟಿದ ಲಾಂಗ್ರ್; ಅಮೆರಿಕದ ಸ್ವಾತಂತ್ರ್ಯ ದೇವತೆಯನ್ನು ಕಡೆದ ಬಾರ್ತೋಲ್ದಿಯೇ ಕೆಂಪು ಕಲ್ಲಿನಲ್ಲಿ ನಿರ್ಮಿಸಿದ ಇಪ್ಪತ್ತೆರಡು ಮೀಟರು ಉದ್ದದ ಸಿಂಹವಿರುವ ಬೆಲ್ಫೋರ್; ಆಮೇಲೆ ಬಾಸೆಲ್, ಸ್ವಿಟ್ಜರ್ಲೆಂಡ್. ಹಳೆಯ ಕಾರಿಗೆ ಎಲ್ಲ ಪೆಟ್ರೋಲೂ ಒಗ್ಗುವುದಿಲ್ಲ. ಮದ್ಯಸಾರ ಹೆಚ್ಚಾಗಿ ಬೆರೆತದ್ದು ಅದರ ರಬ್ಬರಿನ ನಳಿಗೆಗಳನ್ನು ತಿನ್ನುತ್ತದೆ. ಆದ್ದರಿಂದ ಪ್ರತಿ ಬಂಕಿನಲ್ಲಿಯೂ ಭಾವನವರು ಚೀಟಿಯನ್ನು ಓದಿ, ಪಥ್ಯದವರಿಗೆ ಊಟ ಬಡಿಸುವಂತೆ, ಆರಿಸಿ ಹಾಕಿಸುತ್ತಿದ್ದರು.

ಸೈತಾನನ ಸೇತುವೆ

ಲೂಸರ್ನ್ ಸರೋವರದ ದಂಡೆಯನ್ನು ಬಳಸಿಕೊಂಡು ರಾಯ್ಸ್ ನದಿಯ ಕಣಿವೆಯಲ್ಲಿ ದಕ್ಷಿಣಕ್ಕೆ ಹೊರಟರೆ ಎರಡು ಬದಿಯ ಬೆಟ್ಟಗಳೂ ಹತ್ತಿರ ಹತ್ತಿರವಾಗುತ್ತ ಬಂದು ಗೋಶೆನೆನ್ ಎಂಬ ಊರಿನಲ್ಲಿ ದಾರಿಯೇ ಮುಗಿಯಿತೆನ್ನುವಂತೆ ಗೋಡೆಯಾಗಿ ನಿಲ್ಲುತ್ತವೆ. ಇದೇ ಗೊಟ್ಹಾರ್ಡ್. ಇದನ್ನು ದಾಟಲು ಮನುಷ್ಯರು ಮಾಡಿಕೊಂಡ ಉಪಾಯಗಳೆಲ್ಲ ಈ ಕಣಿವೆಯಲ್ಲಿ ಒಂದರ ಪಕ್ಕದಲ್ಲೊಂದಿವೆ. 1872ರಿಂದ 1882ರ ವರೆಗೆ ಹದಿನೈದು ಕಿಲೋಮೀಟರಿನ ರೈಲು ಸುರಂಗವನ್ನು ಕೊರೆದರು. ಕೂಲಿಕಾರರಲ್ಲಿ ಹೆಚ್ಚಿನವರು ಇಟಲಿಯ ಬಡವರು. ಸುಮಾರು ಇನ್ನೂರು ಮಂದಿ ಸತ್ತರು. 1875ರಲ್ಲಿ ಅವರು ಮುಷ್ಕರ ಹೂಡಿದಾಗ ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಗುತ್ತಿಗೆದಾರನಾದ ಲೂಯಿ ಫಾವ್ರ್ ತಾನೂ, ಎರಡು ತುದಿಗಳು ಕೂಡುವ ಮೊದಲೇ, 1879ರಲ್ಲಿ ಆ ಸುರಂಗದೊಳಗೇ ಕುಸಿದು ಪ್ರಾಣಬಿಟ್ಟನು. 1980ರಲ್ಲಿ ಮೋಟಾರುಗಳಿಗಾಗಿ ಸುಮಾರು ಹದಿನೇಳು ಕಿಲೋಮೀಟರಿನ ಸುರಂಗ ಬಂತು. 2016ರಲ್ಲಿ, ಇವೆರಡಕ್ಕೂ ಬಹಳ ಕೆಳಗೆ, ಐವತ್ತೇಳು ಕಿಲೋಮೀಟರಿನ ಮತ್ತೊಂದು ರೈಲು ಸುರಂಗ. ಜಗತ್ತಿನಲ್ಲಿ ಅದಕ್ಕಿಂತ ಉದ್ದದ ರೈಲು ಸುರಂಗವಿಲ್ಲ.

ಮೋಟಾರು ಸುರಂಗದ ಬಾಯಿಯಲ್ಲಿ ಕಾರುಗಳ ಸಾಲು ಬಹು ದೂರದ ವರೆಗೆ ನಿಂತಿದ್ದಿತು. ನಾವು ಹೆದ್ದಾರಿಯಿಂದ ಹೊರಬಿದ್ದು ಹಳೆಯ ರಸ್ತೆಯನ್ನು ಹಿಡಿದೆವು. ಬಿದ್ದ ಒಡನೆಯೇ ಶೋಲೆನೆನ್ ಎಂಬ ಕಂದರ. ಕೆಳಗೆ ರಾಯ್ಸ್ ನದಿ ಭೋರ್ಗರೆಯುತ್ತದೆ. ಮೇಲೆ ಒಂದರ ಹಿಂದೊಂದು ಎರಡು ಸೇತುವೆ, 1830ರದು ಮತ್ತು 1958ರದು. ಇವುಗಳಿಗೂ ಹಿಂದಿನ ಸೇತುವೆಯ ವಿಷಯದಲ್ಲಿ ಒಂದು ಕಥೆಯಿದೆ. ಇಲ್ಲಿ ಸೇತುವೆ ಕಟ್ಟಲಾರದೆ ಸೋತ ಜನ ಸೈತಾನನ ಮೊರೆ ಹೊಕ್ಕರಂತೆ. ಮೊದಲು ದಾಟುವ ಜೀವ ತನಗೆ ಸಲ್ಲಬೇಕೆಂದು ಕರಾರು ಮಾಡಿಕೊಂಡು ಅವನು ಕಟ್ಟಿಕೊಟ್ಟ. ಜನ ಒಂದು ಹೋತವನ್ನು ಮುಂದೆ ಅಟ್ಟಿದರು. ಮೋಸಹೋದ ಸೈತಾನ ಸೇತುವೆಯನ್ನು ಒಡೆಯಲು ಬಂಡೆ ಹೊತ್ತು ತರುತ್ತಿರುವಾಗ ಮುದುಕಿಯೊಬ್ಬಳು ಅದರ ಮೇಲೆ ಶಿಲುಬೆಯ ಗುರುತು ಹಾಕಲು, ಅವನು ಅದನ್ನು ಅಲ್ಲಿಯೇ ಬಿಟ್ಟು ಓಡಿದ. ಆ ಬಂಡೆ ಗೋಶೆನೆನ್ನಿನಲ್ಲಿ ಇಂದಿಗೂ ಇದೆ. ಹೊಸ ಹೆದ್ದಾರಿಗೆ ಅದು ಅಡ್ಡವಾದಾಗ, ಸಿಡಿಮದ್ದಿಟ್ಟು ಒಡೆಯುವ ಬದಲು, ಸುಮಾರು 220 ಟನ್ ತೂಕದ ಅದನ್ನು ನೂರು ಮೀಟರಿಗೂ ಹೆಚ್ಚು ದೂರ ಜರುಗಿಸಿ ಉಳಿಸಿಕೊಂಡರು. ಕಂದರದ ಬಂಡೆಯಲ್ಲಿ ಕೊರೆದ ದೊಡ್ಡ ಶಿಲುಬೆಯೊಂದು 1799ರ ಸೆಪ್ಟೆಂಬರಿನಲ್ಲಿ ಫ್ರೆಂಚರೊಡನೆ ಕಾದಾಡಿ ಈ ದಾರಿಯನ್ನು ದಾಟಿದ ರಷ್ಯದ ಸೇನಾಪತಿ ಸುವೋರೊವನ ಪಡೆಯವರ ನೆನಪಿಗೆ.

ಆಂಡರ್ಮಾಟ್ ಕಳೆದ ಮೇಲೆ ನಿಜವಾದ ಏರು. ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಮೆಲ್ಲಮೆಲ್ಲನೆ ಮೇಲೇರತೊಡಗಿತು. ಆಗ ಭಾವನವರು ಮಾಡಿದ ಉಪಾಯವನ್ನು ಕಂಡು ನಾನು ಬೆಚ್ಚಿದೆ: ಕಾಲಿನ ಬಳಿ ಬಿಸಿಗಾಳಿ ಬಿಡುವ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟರು. ಎಂಜಿನ್ನಿನ ಶಾಖ ಒಂದಿಷ್ಟು ನಮ್ಮ ಕಾಲಿನ ಮೇಲೆ ಹರಿದರೆ ಅದಕ್ಕೆ ಅಷ್ಟು ನೆಮ್ಮದಿ ಎಂಬುದು ಅದರ ತತ್ತ್ವ. ಪಾದಗಳು ಒಲೆಯಲ್ಲಿ, ತಲೆ ಹಿಮಗಾಳಿಯಲ್ಲಿ! ಹೀಗೆ ಕಾರಿನ ಜ್ವರವನ್ನು ನಾವು ಹಂಚಿಕೊಳ್ಳುತ್ತ ಎರಡನೆಯ ಗೇರಿನಲ್ಲಿ ಏರಿದೆವು. ಮುಳ್ಳು ನಡುಗುತ್ತ ನಿಂತಿತು, ಆಮೇಲೆ ಕೂದಲೆಳೆಯಷ್ಟು ಇಳಿಯಿತು. ಭಾವನವರ ಮುಖದಲ್ಲಿ ಆಗ ಕಂಡ ಸಂತೋಷ ಮಗು ಪರೀಕ್ಷೆಯಲ್ಲಿ ಪಾಸಾದಾಗ ತಂದೆಗಾಗುವಂತಹುದು.

ನಡುಗುವ ಕಣಿವೆ

ಕಣಿವೆಯ ನೆತ್ತಿ 2,106 ಮೀಟರು. ನಮ್ಮ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಜೂನಿನಿಂದ ಸುಮಾರು ಅಕ್ಟೋಬರಿನ ವರೆಗೆ ಮಾತ್ರ ಇಲ್ಲಿ ವಾಹನಗಳಿಗೆ ದಾರಿ. ಉಳಿದ ಕಾಲವೆಲ್ಲ ಹಿಮದ್ದೇ ಆಳ್ವಿಕೆ. ಬೋಳು ಬಂಡೆಗಳು, ಕಪ್ಪನೆಯ ಪುಟ್ಟ ಕೊಳಗಳು, ಹಿಂದಿನ ಕಾಲದಲ್ಲಿ ದಾರಿಹೋಕರಿಗೆ ಆಶ್ರಯವಿತ್ತ ಕಲ್ಲಿನ ಧರ್ಮಶಾಲೆ. ಈ ನೆತ್ತಿಯ ಉತ್ತರಕ್ಕೆ ಬಿದ್ದ ಮಳೆ ರಾಯ್ಸ್ ನದಿಯ ಮೂಲಕ ರೈನ್ ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತದೆ. ದಕ್ಷಿಣಕ್ಕೆ ಬಿದ್ದದ್ದು ಟಿಚೀನೋ ನದಿಯ ಮೂಲಕ ಪೋ ನದಿಗೆ, ಅಲ್ಲಿಂದ ಏಡ್ರಿಯಾಟಿಕ್ ಕಡಲಿಗೆ. ಒಂದೇ ಮೋಡದ ಎರಡು ಹನಿಗಳ ದಾರಿ ಇಲ್ಲಿ ಬೇರೆಯಾಗುತ್ತದೆ. ಮನುಷ್ಯರ ಭಾಷೆಯೂ ಇಲ್ಲಿಯೇ ಬೇರೆಯಾಗುತ್ತದೆ: ಹಿಂದೆ ಜರ್ಮನ್, ಮುಂದೆ ಇಟಾಲಿಯನ್.

ಇಳಿಯುವುದಕ್ಕೆ ಅಗಲವಾದ ಹೊಸ ರಸ್ತೆಯಿದ್ದರೂ ನಾವು ಹಳೆಯ ಟ್ರೆಮೋಲಾ ರಸ್ತೆಯನ್ನೇ ಹಿಡಿದೆವು. ‘ನಡುಗುವ ಕಣಿವೆ’ ಎಂದು ಆ ಹೆಸರಿನ ಅರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಕುದುರೆ ಬಂಡಿಗಳಿಗಾಗಿ ಮಾಡಿದ ದಾರಿ. ಒಂದೊಂದಾಗಿ ಕೈಯಿಂದ ಜೋಡಿಸಿದ ಕಗ್ಗಲ್ಲಿನ ಹಾಸು. ಸುಮಾರು ನಾಲ್ಕು ಕಿಲೋಮೀಟರಿನಲ್ಲಿ ಇಪ್ಪತ್ತನಾಲ್ಕು ತಿರುವು. ಮೇಲಿನಿಂದ ನೋಡಿದರೆ ಯಾರೋ ರಿಬ್ಬನ್ನಿನ ಸುರುಳಿಯನ್ನು ಬೆಟ್ಟದ ಮೇಲಿನಿಂದ ಬಿಟ್ಟಂತಿದೆ. ಬ್ರೇಕು ಕಾಯದಂತೆ ಎಂಜಿನ್ನಿನ ಹಿಡಿತದಲ್ಲಿಯೇ ಇಳಿಯಬೇಕು. ಪ್ರತಿ ತಿರುವಿನಲ್ಲಿಯೂ ಭಾವನವರು ಎರಡು ಕೈಗಳಿಂದ ಸ್ಟಿಯರಿಂಗನ್ನು ಎಳೆಯುತ್ತಿದ್ದರು. ಈ ಕಾರಿನಲ್ಲಿ ಅದಕ್ಕೆ ಯಂತ್ರದ ನೆರವಿಲ್ಲ. ಹತ್ತನೆಯ ತಿರುವಿನ ಹೊತ್ತಿಗೆ ಅವರ ಹಣೆ ಬೆವರಿದ್ದಿತು.

“ಮುಂದಿನ ಸಲ ನೀನು ಓಡಿಸಬೇಕು” ಎಂದರು.

“ಮುಂದಿನ ಸಲವೂ ನೀವೇ, ಭಾವ” ಎಂದೆ.

“ಎಪ್ಪತ್ತು ದಾಟಿದವನಿಗೆ ಈ ಮಾತು ಹೇಳಬೇಡ. ಭುಜ ಒಪ್ಪುವುದಿಲ್ಲ. ಇದನ್ನು ಒಮ್ಮೆ ಇಳಿಯಬೇಕೆಂದು ನಲವತ್ತು ವರ್ಷದಿಂದ ಆಸೆಯಿತ್ತು, ಇಳಿದೆ.” ಅಷ್ಟನ್ನು ಹೇಳಿ ಮುಂದಿನ ತಿರುವಿನ ಕಡೆಗೆ ಗಮನ ಕೊಟ್ಟರು. ಇದು ಅವರ ಕೊನೆಯ ದೊಡ್ಡ ಪಯಣವೆಂದು ಅವರು ಮೊದಲೇ ಗೊತ್ತುಮಾಡಿಕೊಂಡು ಹೊರಟಿದ್ದರೆಂಬುದು ನನಗೆ ಆಗ ತಿಳಿಯಿತು.

ಐರೋಲೋದಲ್ಲಿ ಬೆಚ್ಚನೆಯ ಗಾಳಿ, ಇಟಾಲಿಯನ್ ಫಲಕಗಳು, ನೀಳವಾದ ಗಂಟೆಗೋಪುರಗಳು. ಮರುದಿನ ಲುಗಾನೋ ಸರೋವರವನ್ನು ದಾಟಿ, ಕಿಯಾಸೋ ಗಡಿಯಲ್ಲಿ ಇಟಲಿಯನ್ನು ಹೊಕ್ಕು, ಮಧ್ಯಾಹ್ನಕ್ಕೆ ಕೋಮೋ ಸೇರಿದೆವು. ವಿದ್ಯುತ್ಕೋಶವನ್ನು ಕಂಡುಹಿಡಿದ ಆಲೆಸ್ಸಾಂದ್ರೋ ವೋಲ್ಟಾ 1745ರಲ್ಲಿ ಹುಟ್ಟಿದ ಊರು ಅದು. ಸರೋವರದ ದಡದಲ್ಲಿ ಅವನಿಗಾಗಿ ಕಟ್ಟಿದ ಬಿಳಿಯ ಮಂದಿರವಿದೆ. ನಮ್ಮ ಕಾರಿನ ಸೀಟಿನ ಹಿಂದೆ ಅಡಗಿದ್ದ ಆರಾರು ವೋಲ್ಟಿನ ಬ್ಯಾಟರಿಗಳೆರಡೂ ತಮ್ಮ ಮೂಲಪುರುಷನ ಮನೆಗೆ ಬಂದು ಸುಖವಾಗಿ ತಲುಪಿದವು.

ಅಕ್ಕ ಹೇಳಿದಂತೆಯೇ ಅನ್ನ, ಸಾರು ಸಿದ್ಧಮಾಡಿಟ್ಟಿದ್ದಳು. ಗೊಟ್ಹಾರ್ಡ್ ಹೇಗಿತ್ತೆಂದು ನಾನು ಕೇಳಿದೆ. “ಯಾವುದು? ಇಪ್ಪತ್ತು ನಿಮಿಷ ಕತ್ತಲಾಯಿತಲ್ಲ, ಅದೇ? ಪುಸ್ತಕ ಓದುತ್ತಿದ್ದೆ” ಎಂದಳು. ಆಕೆಯ ಮಾತು ಸರಿಯಾದದ್ದೇ. ಅಷ್ಟು ಸುಲಭವಾಗಲೆಂದೇ ಅಷ್ಟು ಜನ ಅಷ್ಟು ವರ್ಷ ಬಂಡೆ ಕೊರೆದದ್ದು. ಸುರಂಗವನ್ನು ಹಳಿಯುವ ಹಕ್ಕು ನಮಗಿಲ್ಲ.

ಆದರೆ ಹಳೆಯ ಕಾರಿನ ಲಾಭ ಇಲ್ಲಿಯೇ ಇದೆ. ಸುಲಭವಾದ ದಾರಿ ತನ್ನ ಬೆಲೆಯನ್ನು ಪ್ರಯಾಣಿಕನಿಂದ ಮುಚ್ಚಿಡುತ್ತದೆ. ನೆಲಕ್ಕೆ ಅಂಟಿಕೊಂಡಂತೆ ಕುಳಿತು ನಿಧಾನವಾಗಿ ಹೋಗುವವನಿಗೆ ಗಾಳಿಯ ಚಳಿ, ಏರಿನ ಕಡಿದು, ಕಲ್ಲು ಹಾಸಿದ ಕೈ, ಗೋಡೆಯ ಮೇಲೆ ಕೊರೆದ ಹೆಸರು, ಪಕ್ಕದಲ್ಲಿರುವವನ ಭುಜದ ನೋವು ಎಲ್ಲವೂ ತಿಳಿಯುತ್ತವೆ.

ಇದಕ್ಕಾಗಿ ಓದುಗರು ಎಂ.ಜಿ.ಬಿ. ಕೊಳ್ಳಬೇಕಾದ ಅಗತ್ಯವೇನೂ ಇಲ್ಲ. ಆ ಕಡೆಗೆ ಹೋಗುವ ಅವಕಾಶ ಬೇಸಗೆಯಲ್ಲಿ ಒದಗಿದರೆ, ಒಂದು ದಿನದ ಮಟ್ಟಿಗೆ ವೇಗದ ರೈಲನ್ನು ಬಿಟ್ಟು ಗೋಶೆನೆನ್ನಿಗೆ ಹೋಗಿ. ಅಲ್ಲಿಂದ ಪುಟ್ಟ ರೈಲು ಕಂದರದ ಮೂಲಕ ಆಂಡರ್ಮಾಟಿಗೆ ಏರುತ್ತದೆ. ಅಲ್ಲಿಂದ ಹಳದಿ ಬಣ್ಣದ ಅಂಚೆ ಬಸ್ಸು ಬೆಟ್ಟವನ್ನು ದಾಟಿಸಿ ಐರೋಲೋಗೆ ಮುಟ್ಟಿಸುತ್ತದೆ. ಕಿಟಕಿಯ ಬಳಿ ಕುಳಿತುಕೊಳ್ಳಿ. ಬೆಚ್ಚನೆಯ ಉಡುಪು ಜೊತೆಯಲ್ಲಿರಲಿ.